ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ನಿಗೆ ನಟ್ಟು-ಬೋಲ್ಟು ಹುಡುಕುವ ಬಗೆ

ಹಳೆಯ ಮೋಟಾರ್ ಸೈಕಲ್ಲನ್ನು ಮತ್ತೆ ಓಡುವಂತೆ ಮಾಡಬೇಕೆಂಬ ಹಂಬಲ ನಮ್ಮ ಜನರಲ್ಲಿ ಈಚೆಗೆ ಹೆಚ್ಚುತ್ತಿದೆ. ಊರಿನ ಹಿತ್ತಲಲ್ಲಿ ತಂದೆಯವರ ಜಾವಾ, ಕೊಟ್ಟಿಗೆಯ ಮೂಲೆಯಲ್ಲಿ ಸೋದರಮಾವನ ಬುಲೆಟ್ ಗೋಣಿತಾಟು ಹೊದ್ದು ನಿಂತಿರುವುದುಂಟು. ರಜೆಗೆ ಹೋದವರು ಅದನ್ನು ರೈಲಿಗೆ ಹಾಕಿ ಇಲ್ಲಿಗೆ ತರುತ್ತಾರೆ. ಬೋನಸ್ಸಿನ ಹಣವನ್ನು ಅದಕ್ಕೆಂದು ಎತ್ತಿಡುತ್ತಾರೆ. ಮೂರು ತಿಂಗಳಲ್ಲಿ ಗಾಡಿ ಎದ್ದು ಓಡುತ್ತದೆಂಬ ನಂಬಿಕೆ. ಆದರೆ ವರ್ಷ ಕಳೆದರೂ ಇಂಜಿನ್ನು ಬಿಚ್ಚಿದ ಸ್ಥಿತಿಯಲ್ಲಿಯೇ ಚಾಳಿನ ಮಂಚದ ಕೆಳಗೆ ಬಿದ್ದಿರುತ್ತದೆ. ಕಾರಣ ವಿಚಾರಿಸಿದರೆ ಪಿಸ್ಟನ್ನು ಸಿಗಲಿಲ್ಲವೆಂದು ಹೇಳುವವರು ಕಡಿಮೆ. "ನಾಲ್ಕು ಬೋಲ್ಟು ಸಿಗಲಿಲ್ಲ ನೋಡಿ" ಎನ್ನುವವರೇ ಹೆಚ್ಚು.

ಈ ಲೇಖಕನು ಇಂಜಿನಿಯರನಲ್ಲ. ಗಿರಣಿಯೊಂದರ ಸ್ಟೋರ್ ಖಾತೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೆ ಹಳೆಯ ವಿಲಾಯತಿ ಮಗ್ಗಗಳ ಬೋಲ್ಟುಗಳೂ ಹೊಸ ಯಂತ್ರಗಳ ಬೋಲ್ಟುಗಳೂ ಒಂದೇ ಕಪಾಟಿನಲ್ಲಿ ಬೇರೆ ಬೇರೆ ಖಾನೆಯಲ್ಲಿ ಏಕಿರಬೇಕೆಂಬುದನ್ನು ಆ ಕೆಲಸವೇ ಕಲಿಸಿತು. ವಾಚನಾಲಯಕ್ಕೆ ಬರುವ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ, ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿದೆ.

1. ಸಣ್ಣ ಸಾಮಾನಿನಿಂದಲೇ ದೊಡ್ಡ ತೊಡಕು

ಪಿಸ್ಟನ್ನಿಗೆ ಒಂದು ಹೆಸರುಂಟು, ನಂಬರುಂಟು. ಇಂಥ ಗಾಡಿ, ಇಂಥ ಮಾದರಿ ಎಂದರೆ ಅಂಗಡಿಯವನು ತೆಗೆದುಕೊಡುತ್ತಾನೆ. ಬೋಲ್ಟಿಗೆ ಹೆಸರಿಲ್ಲ. ಕೈಯಲ್ಲಿ ಹಿಡಿದರೆ ಎಲ್ಲ ಬೋಲ್ಟೂ ಒಂದೇ ರೀತಿ ಕಾಣುತ್ತದೆ. ದಪ್ಪ ಸರಿಯಾಗಿದೆಯೆಂದು ತಂದು ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ, ಮೂರನೆಯ ಸುತ್ತಿಗೆ ಬಿಗಿಯುತ್ತದೆ. ಆಗ ಆತುರದವರು ಪಾನಾ ಹಾಕಿ ಬಲವಾಗಿ ತಿರುಗಿಸುತ್ತಾರೆ. ಬೋಲ್ಟು ಉಕ್ಕು, ಇಂಜಿನ್ನಿನ ಒಡಲು ಅಲ್ಯುಮಿನಿಯಂ. ಮೆದುವಾದದ್ದು ಸೋಲುತ್ತದೆ. ಹತ್ತು ರೂಪಾಯಿಯ ಬೋಲ್ಟಿನಿಂದ ಮತ್ತೆ ದೊರೆಯದ ಕ್ರ್ಯಾಂಕ್‌ಕೇಸು ಕೆಡುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆದುದರಿಂದ ಪೇಟೆಗೆ ಹೋಗುವ ಮೊದಲು, ತನಗೆ ಬೇಕಾದ ಬೋಲ್ಟು ಯಾವ ಜಾತಿಯದೆಂದು ಪ್ರತಿಯೊಬ್ಬನೂ ತಿಳಿದುಕೊಳ್ಳತಕ್ಕದ್ದು.

2. ಸುತ್ತುಗಳ ಕುಲಗೋತ್ರ

ಬೋಲ್ಟಿನ ಮೈಮೇಲೆ ಕೊರೆದ ಏಣುಗಳಿಗೆ ಥ್ರೆಡ್ಡು ಎನ್ನುತ್ತಾರೆ. ನಾವು ಸುತ್ತು ಎನ್ನೋಣ. ಸುತ್ತಿಗೆ ಮೂರು ಲಕ್ಷಣಗಳಿವೆ. ಮೊದಲನೆಯದು ಹೊರಗಿನ ದಪ್ಪ. ಎರಡನೆಯದು ಒಂದು ಏಣಿನಿಂದ ಮುಂದಿನ ಏಣಿಗಿರುವ ದೂರ. ಇದಕ್ಕೆ ಪಿಚ್ ಎಂದು ಹೆಸರು. ಮೂರನೆಯದು ಎರಡು ಏಣುಗಳ ನಡುವಿನ ಕಣಿವೆಯ ಕೋನ. ಈ ಮೂರೂ ಕೂಡಿಬಂದರೆ ಮಾತ್ರ ನಟ್ಟಿಗೂ ಬೋಲ್ಟಿಗೂ ಸರಿಯಾದ ಜೋಡಿ.

ಹಿಂದೆ ಒಂದೊಂದು ಕಾರ್ಖಾನೆಗೂ ಒಂದೊಂದು ಸುತ್ತಿತ್ತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಎಲ್ಲರಿಗೂ ಒಂದೇ ಕ್ರಮವಿರಲೆಂದು 55 ಡಿಗ್ರಿ ಕೋನದ ಸುತ್ತನ್ನು ಸೂಚಿಸಿದನು. ಅದೇ ವಿಟ್‌ವರ್ತ್ ಸುತ್ತು. ಏಣುಗಳು ದಪ್ಪ, ಆಳ. 1908ರಲ್ಲಿ ಅದೇ ಕೋನದಲ್ಲಿ ನಯವಾದ ಸುತ್ತು ಬಂದಿತು; ಅದಕ್ಕೆ ಬಿ.ಎಸ್.ಎಫ್. ಎಂದು ಹೆಸರು. ಇವೆರಡರ ನಡುವೆ, 1902ರಲ್ಲಿ, ಸೈಕಲ್ಲು ಮಾಡುವವರ ಸಂಸ್ಥೆಯು 60 ಡಿಗ್ರಿ ಕೋನದ ಬೇರೊಂದು ಸುತ್ತನ್ನು ನಿಗದಿ ಮಾಡಿತ್ತು. ಇದನ್ನು ಸಿ.ಇ.ಐ. ಸುತ್ತು ಅಥವಾ ಸೈಕಲ್ ಸುತ್ತು ಎನ್ನುತ್ತಾರೆ. ಬ್ರಿಟಿಷ್ ಮೋಟಾರ್ ಸೈಕಲ್ಲುಗಳು ಸೈಕಲ್ ಕಾರ್ಖಾನೆಗಳಲ್ಲಿಯೇ ಹುಟ್ಟಿದವಾದ್ದರಿಂದ ಈ ಸುತ್ತು ಅವುಗಳಲ್ಲಿ ಧಾರಾಳವಾಗಿ ಉಳಿಯಿತು. ಕಾರ್ಬ್ಯುರೇಟರು, ಮ್ಯಾಗ್ನೆಟೋಗಳ ಚಿಕ್ಕ ಸ್ಕ್ರೂಗಳಿಗೆ ಇನ್ನೊಂದು ಕುಲ, ಬಿ.ಎ. ಇದು 1884ರಷ್ಟು ಹಳೆಯದು. ಇದರ ಕೋನ 47½ ಡಿಗ್ರಿ. ನಂಬರು ಹೆಚ್ಚಿದಷ್ಟೂ ಸ್ಕ್ರೂ ಸಣ್ಣದು. ಸೊನ್ನೆ ನಂಬರಿನದು 6 ಮಿಲಿಮೀಟರು, 2 ನಂಬರಿನದು 4.7, 4 ನಂಬರಿನದು 3.6 ಮಿಲಿಮೀಟರು ದಪ್ಪ.

ಯುದ್ಧಕಾಲದಲ್ಲಿ ಅಮೆರಿಕದ ಬೋಲ್ಟು ಬ್ರಿಟನ್ನಿನ ಯಂತ್ರಕ್ಕೆ ಕೂಡದೆ ತುಂಬ ತೊಂದರೆಯಾಯಿತು. ಆ ಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ದೇಶಗಳು ಒಪ್ಪಂದ ಮಾಡಿಕೊಂಡು ಯೂನಿಫೈಡ್ ಸುತ್ತನ್ನು ಒಪ್ಪಿದವು. ಕೋನ 60 ಡಿಗ್ರಿ. ಇದರಲ್ಲಿ ದಪ್ಪ ಏಣಿನದು ಯು.ಎನ್.ಸಿ., ನಯವಾದದ್ದು ಯು.ಎನ್.ಎಫ್. ಬ್ರಿಟಿಷ್ ಮೋಟಾರ್ ಸೈಕಲ್ ಕಾರ್ಖಾನೆಗಳು ಈ ಬದಲಾವಣೆಯನ್ನು ನಿಧಾನವಾಗಿ, ಬಹುಮಟ್ಟಿಗೆ 1960ರ ದಶಕದ ಕೊನೆಯ ಹೊತ್ತಿಗೆ ಕೈಗೊಂಡವು. ಯುರೋಪಿನ ಒಳನಾಡುಗಳಲ್ಲಿಯೂ ಜಪಾನಿನಲ್ಲಿಯೂ ಮೆಟ್ರಿಕ್ ಸುತ್ತು ನಡೆಯಿತು. ನಮ್ಮ ದೇಶವು 1956ರ ತೂಕ ಮತ್ತು ಅಳತೆಗಳ ಕಾನೂನಿನಿಂದ ಮೆಟ್ರಿಕ್ ದಾರಿ ಹಿಡಿಯಿತು. ಇಂದು ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಮೊದಲು ಕೈಗೆ ಬರುವುದು ಮೆಟ್ರಿಕ್ ಬೋಲ್ಟೇ.

3. ಮೈಸೂರಿನ ಜಾವಾ, ಮದರಾಸಿನ ಬುಲೆಟ್

ನಮ್ಮವರ ಬಳಿ ಹೆಚ್ಚಾಗಿರುವ ಎರಡು ಗಾಡಿಗಳ ಉದಾಹರಣೆ ಸಾಕು.

ಜಾವಾ ಜೆಕೊಸ್ಲೊವಾಕಿಯದಲ್ಲಿ ಹುಟ್ಟಿದ ಗಾಡಿ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು. ಮುಂದೆ 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಆ ಕಾರ್ಖಾನೆ ನಿಂತಿತು. 2018ರಲ್ಲಿ ಜಾವಾ ಹೆಸರಿನಲ್ಲಿ ಬೇರೆ ಸಂಸ್ಥೆ ಹೊಸ ಗಾಡಿಗಳನ್ನು ತಂದಿತಾದರೂ ಅವುಗಳ ಇಂಜಿನ್ನೇ ಬೇರೆ. ಅವುಗಳ ಬಿಡಿಭಾಗ ಹಳೆಯ ಎರಡು ಹೊಡೆತದ ಇಂಜಿನ್ನಿಗೆ ಆಗದು. ಹಳೆಯ ಜಾವಾ-ಯೆಜ್ಡಿ ಮೆಟ್ರಿಕ್ ಕುಲದ್ದು. ಆದುದರಿಂದ ಅದರ ಸಾಮಾನ್ಯ ಬೋಲ್ಟುಗಳು ಇಂದಿಗೂ ಬೀದಿಯ ಅಂಗಡಿಯಲ್ಲಿ ದೊರೆಯುತ್ತವೆ. ಇದು ಮೈಸೂರು ಗಾಡಿಯವರ ಪುಣ್ಯವೆನ್ನಬೇಕು.

ಬುಲೆಟ್ಟಿನ ಮೂಲ ಇಂಗ್ಲೆಂಡಿನ ರೆಡಿಚ್. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿತವಾಗಿ, ಬ್ರಿಟಿಷ್ ನಕ್ಷೆಯ ಪ್ರಕಾರವೇ ಗಾಡಿ ಮಾಡತೊಡಗಿತು. ಹಾಗಾಗಿ ಹಳೆಯ ಬುಲೆಟ್ಟಿನಲ್ಲಿ ಇಂಚಿನ ಸುತ್ತುಗಳು ಬೆರೆತಿರುತ್ತವೆ. ಬಿ.ಎಸ್.ಎ., ಟ್ರಯಂಫ್, ನಾರ್ಟನ್, ಮ್ಯಾಚ್‌ಲೆಸ್ ಗಾಡಿಗಳದೂ ಇದೇ ಕಥೆ. ಇವುಗಳಲ್ಲೂ ಸ್ಪಾರ್ಕ್ ಪ್ಲಗ್ಗಿನ ಸುತ್ತು ಮಾತ್ರ ಮೆಟ್ರಿಕ್. ಸಾಮಾನ್ಯವಾಗಿ 14 ಮಿಲಿಮೀಟರು ದಪ್ಪ, 1.25 ಪಿಚ್. ಒಂದೇ ಇಂಜಿನ್ನಿನಲ್ಲಿ ಹಲವು ಕುಲದವರು ಸಂಸಾರ ಮಾಡುತ್ತಿರುತ್ತಾರೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಇನ್ನೊಂದು ಮಾತು. ಐವತ್ತು ಅರವತ್ತು ವರ್ಷ ಓಡಿದ ಗಾಡಿಯನ್ನು ಹತ್ತು ಮಂದಿ ಮಿಸ್ತ್ರಿಗಳು ಬಿಚ್ಚಿ ಜೋಡಿಸಿರುತ್ತಾರೆ. ಯಾರೋ ತೂತನ್ನು ಹಿಗ್ಗಿಸಿ ಬೇರೆ ಸುತ್ತು ಹಾಕಿರಬಹುದು. ಪುಸ್ತಕದಲ್ಲಿ ಹೀಗಿದೆಯೆಂದು ನಂಬಿ ಕೊಳ್ಳದೆ, ಕೈಯಲ್ಲಿರುವ ಇಂಜಿನ್ನನ್ನೇ ಅಳೆದು ಕೊಳ್ಳಬೇಕು.

4. ಅಳೆಯುವ ಕ್ರಮ

ಇದಕ್ಕೆ ಎರಡು ಉಪಕರಣ ಸಾಕು: ಒಂದು ವರ್ನಿಯರ್ ಕ್ಯಾಲಿಪರು, ಒಂದು ಪಿಚ್ ಗೇಜು. ಪಿಚ್ ಗೇಜೆಂದರೆ ಹಲ್ಲು ಕೊರೆದ ತೆಳು ತಗಡುಗಳ ಗೊಂಚಲು. ಕೊಳ್ಳುವಾಗ 55 ಡಿಗ್ರಿಯದೂ 60 ಡಿಗ್ರಿಯದೂ ಎರಡೂ ಇರುವುದನ್ನು ಕೇಳಿ ಕೊಳ್ಳಬೇಕು.

ಮೊದಲು ಬೋಲ್ಟಿನ ಸುತ್ತಿನ ಹೊರಗಿನ ದಪ್ಪ ಅಳೆಯಿರಿ. ಕಾಲಿಂಚು ಎಂದರೆ 6.35 ಮಿಲಿಮೀಟರು, 5/16 ಇಂಚು 7.94, 3/8 ಇಂಚು 9.53. ಸವೆದ ಬೋಲ್ಟು ಇದಕ್ಕಿಂತ ಕೊಂಚ ಕಡಿಮೆ ತೋರಿಸುತ್ತದೆ. ಬಳಿಕ ಪಿಚ್ ಗೇಜಿನ ತಗಡನ್ನು ಏಣುಗಳ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಎಲ್ಲಿಯೂ ಬೆಳಕು ತೂರದಿದ್ದರೆ ಅದೇ ನಿಮ್ಮ ಪಿಚ್. ಒಂದಿಂಚಿನಲ್ಲಿ ಎಷ್ಟು ಏಣುಗಳಿರುತ್ತವೆಂಬುದರ ಕೋಷ್ಟಕವನ್ನು ಕೆಳಗೆ ಕೊಟ್ಟಿದೆ. ಬೇಕಾದವರು ಬರೆದಿಟ್ಟುಕೊಳ್ಳಬಹುದು.

ಕಾಲಿಂಚು: ವಿಟ್‌ವರ್ತ್ 20, ಬಿ.ಎಸ್.ಎಫ್. 26, ಸಿ.ಇ.ಐ. 26, ಯು.ಎನ್.ಸಿ. 20, ಯು.ಎನ್.ಎಫ್. 28.
5/16 ಇಂಚು: ವಿಟ್‌ವರ್ತ್ 18, ಬಿ.ಎಸ್.ಎಫ್. 22, ಸಿ.ಇ.ಐ. 26, ಯು.ಎನ್.ಸಿ. 18, ಯು.ಎನ್.ಎಫ್. 24.
3/8 ಇಂಚು: ವಿಟ್‌ವರ್ತ್ 16, ಬಿ.ಎಸ್.ಎಫ್. 20, ಸಿ.ಇ.ಐ. 26, ಯು.ಎನ್.ಸಿ. 16, ಯು.ಎನ್.ಎಫ್. 24.
ಮೆಟ್ರಿಕ್: 6 ಮಿಲಿಮೀಟರಿಗೆ ಪಿಚ್ 1, 8ಕ್ಕೆ 1.25, 10ಕ್ಕೆ 1.5 ಮಿಲಿಮೀಟರು.

ಈ ಕೋಷ್ಟಕವನ್ನು ಗಮನವಿಟ್ಟು ನೋಡಿದರೆ ಮೋಸದ ಜಾಗಗಳು ತಾವೇ ಕಾಣುತ್ತವೆ. ಕಾಲಿಂಚಿನ ಬಿ.ಎಸ್.ಎಫ್. ಮತ್ತು ಸಿ.ಇ.ಐ. ಎರಡಕ್ಕೂ 26 ಏಣು. ಕೋನ ಮಾತ್ರ ಬೇರೆ. ಕೈಯಿಂದ ತಿರುಗಿಸಿದರೆ ಹೋಗುತ್ತದೆ. ಬಿಗಿ ಮಾಡಿದರೆ ಏಣಿನ ಒಂದು ಅಂಚು ಮಾತ್ರ ಭಾರ ಹೊರುತ್ತದೆ. ಬಿ.ಎ. ಸೊನ್ನೆ ನಂಬರಿಗೂ ಮೆಟ್ರಿಕ್ 6ಕ್ಕೂ ದಪ್ಪ, ಪಿಚ್ ಎರಡೂ ಒಂದೇ, ಕೋನ ಬೇರೆ. ಎಲ್ಲಕ್ಕಿಂತ ಅಪಾಯದ್ದು 5/16 ಇಂಚು ಮತ್ತು ಮೆಟ್ರಿಕ್ 8. ದಪ್ಪದಲ್ಲಿ ಅಂತರ ಒಂದು ಮಿಲಿಮೀಟರಿನ ನೂರರಲ್ಲಿ ಆರು ಪಾಲು ಮಾತ್ರ. ಆದರೆ ಮೆಟ್ರಿಕ್ 8ರಲ್ಲಿ ಒಂದಿಂಚಿಗೆ ಸುಮಾರು 20 ಏಣು, 5/16 ಇಂಚಿನ ಬ್ರಿಟಿಷ್ ಸುತ್ತುಗಳಲ್ಲಿ 18, 22 ಅಥವಾ 26. ಕ್ರ್ಯಾಂಕ್‌ಕೇಸು ಕೆಡುವುದು ಇಲ್ಲಿಯೇ.

ಉಪಕರಣ ಕೊಳ್ಳಲು ಅನುಕೂಲವಿಲ್ಲದವರಿಗೆ ಒಂದು ಅಗ್ಗದ ಉಪಾಯ. ಖಚಿತವಾಗಿ ಗೊತ್ತಿರುವ ಒಂದೊಂದು ಜಾತಿಯ ಒಂದೊಂದು ಹೊಸ ನಟ್ಟು ಮತ್ತು ಬೋಲ್ಟನ್ನು ಕೊಂಡು, ಚೀಟಿ ಕಟ್ಟಿ, ತಂತಿಗೆ ಪೋಣಿಸಿಡಿ. ಗುರುತು ಹತ್ತದ ಬೋಲ್ಟು ಬಂದಾಗ ಈ ಸರದ ಬೋಲ್ಟನ್ನು ಅದರ ಪಕ್ಕಕ್ಕೆ ಏಣಿಗೆ ಏಣು ಕೂಡಿಸಿ ಬೆಳಕಿಗೆ ಹಿಡಿದರೆ ಪಿಚ್ ಗೊತ್ತಾಗುತ್ತದೆ. ಅನಂತರ ಸರದ ನಟ್ಟನ್ನು ಬೆರಳಿನಿಂದ ತಿರುಗಿಸಿ ನೋಡಿ. ಕೊನೆಯವರೆಗೆ ಬೆರಳಿಗೇ ಹೋಗಬೇಕು, ಅಲುಗಾಡಲೂ ಬಾರದು. ಬೆರಳಿಗೆ ಹೋಗದ್ದನ್ನು ಪಾನಾದಿಂದ ಕಳಿಸಕೂಡದೆಂಬುದು ಈ ಕೆಲಸದ ಮೊದಲನೆಯ ನಿಯಮ.

ಉದ್ದದ ವಿಷಯವೂ ಮುಖ್ಯ. ಬೋಲ್ಟಿನ ಉದ್ದವನ್ನು ತಲೆಯ ಕೆಳಗಿನಿಂದ ಅಳೆಯುತ್ತಾರೆ. ತಲೆ ಒಳಗೆ ಹುದುಗುವ ಸ್ಕ್ರೂವನ್ನು ಮಾತ್ರ ತಲೆಸಹಿತ ಅಳೆಯುತ್ತಾರೆ. ತಳವಿರುವ ತೂತಿನ ಆಳವನ್ನು ಕಡ್ಡಿ ಹಾಕಿ ನೋಡಿ. ಉದ್ದ ಹೆಚ್ಚಾದರೆ ಬೋಲ್ಟು ತಳಕ್ಕೆ ತಾಗಿ ಕೇಸನ್ನು ಸೀಳುತ್ತದೆ. ತೂತಿನಲ್ಲಿ ಎಣ್ಣೆ ನಿಂತಿದ್ದರೂ ಇದೇ ಗತಿ. ಎಣ್ಣೆಯನ್ನು ಅದುಮಲಾಗದು, ಕೇಸೇ ಬಿರಿಯುತ್ತದೆ. ಉದ್ದ ಕಡಿಮೆಯಾದರೆ ಹಿಡಿತವಿರದು. ಉಕ್ಕಿನಲ್ಲಿ ಬೋಲ್ಟಿನ ದಪ್ಪದಷ್ಟು ಉದ್ದ ಹಿಡಿದರೆ ಸಾಕು. ಅಲ್ಯುಮಿನಿಯಂನಲ್ಲಿ ಅದರ ಒಂದೂವರೆಯಿಂದ ಎರಡರಷ್ಟು ಬೇಕು.

ಎರಡು ತುದಿಗೂ ಸುತ್ತಿರುವ ಸ್ಟಡ್ಡುಗಳನ್ನು ಎರಡೂ ಕಡೆ ಅಳೆಯತಕ್ಕದ್ದು. ಅಲ್ಯುಮಿನಿಯಂ ಒಳಗೆ ಹೋಗುವ ತುದಿಗೆ ದಪ್ಪ ಏಣು, ನಟ್ಟು ಕೂಡುವ ತುದಿಗೆ ನಯವಾದ ಏಣು ಇರುವುದುಂಟು. ಮೆದು ಲೋಹಕ್ಕೆ ಆಳವಾದ ಹಿಡಿತ ಬೇಕೆಂಬುದೇ ಅದರ ಕಾರಣ.

5. ಬಿಚ್ಚುವಾಗಲೇ ಅರ್ಧ ಕೆಲಸ

ಅತ್ಯಂತ ಅಗ್ಗದ ಬೋಲ್ಟೆಂದರೆ ಇಂಜಿನ್ನಿನಲ್ಲಿ ಆಗಲೇ ಇರುವ ಬೋಲ್ಟು. ಅದನ್ನು ಕೆಡಿಸದೆ ಬಿಚ್ಚುವವನಿಗೆ ಪೇಟೆಯ ಅಲೆದಾಟ ಅರ್ಧ ತಪ್ಪುತ್ತದೆ.

ಸರಿಯಾದ ಪಾನಾ ಮೊದಲು ಬೇಕು. ವಿಟ್‌ವರ್ತ್ ಪಾನಾದ ಮೇಲೆ ಬರೆದಿರುವುದು ಬೋಲ್ಟಿನ ದಪ್ಪವೇ ಹೊರತು ಪಾನಾದ ಬಾಯಿಯ ಅಗಲವಲ್ಲ. ಕಾಲಿಂಚು ವಿಟ್‌ವರ್ತ್ ಎಂದು ಬರೆದ ಪಾನಾದ ಬಾಯಿ 0.525 ಇಂಚು, ಎಂದರೆ ಸುಮಾರು 13.3 ಮಿಲಿಮೀಟರು. ಅದೇ ಪಾನಾ 5/16 ಬಿ.ಎಸ್.ಎಫ್. ಬೋಲ್ಟಿಗೂ ಆಗುತ್ತದೆ. 13ರ ಮೆಟ್ರಿಕ್ ಪಾನಾ ಅದರ ಮೇಲೆ ಕೂರದು, 14ರದು ಜಾರಿ ತಲೆಯ ಮೂಲೆಗಳನ್ನು ಉರುಟು ಮಾಡುತ್ತದೆ.

ತುಕ್ಕು ಹಿಡಿದದ್ದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬಳಿಕ ಕೇಸನ್ನು ಹದವಾಗಿ ಬಿಸಿ ಮಾಡಿ. ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಬಿಸಿ ಮಾಡುವ ಮೊದಲು ಪೆಟ್ರೋಲು ತೊಟ್ಟೂ ಉಳಿಯದಂತೆ ತೆಗೆದು, ಬಯಲಿನಲ್ಲಿ ಕೆಲಸ ಮಾಡಬೇಕೆಂಬುದನ್ನು ಚಾಳಿನಲ್ಲಿರುವವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಸ್ಟಡ್ಡು ತೆಗೆಯಲು ಅದರ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಕೆಳಗಿನದನ್ನು ತಿರುಗಿಸಿದರೆ ಸ್ಟಡ್ಡೇ ಈಚೆ ಬರುತ್ತದೆ. ಎಷ್ಟು ಮಾಡಿದರೂ ನಟ್ಟು ಕದಲದಿದ್ದರೆ ಅದು ಎಡಸುತ್ತಿನದಿರಬಹುದು. ಗಾಡಿಯ ಕೈಪಿಡಿ ನೋಡದೆ ಬಲ ಹಾಕಬೇಡಿ.

ಬಿಚ್ಚಿದ ಪ್ರತಿಯೊಂದನ್ನೂ ಚೀಟಿ ಬರೆದ ಚಿಕ್ಕ ಚೀಲಕ್ಕೆ ಹಾಕಿ. ರಟ್ಟಿನ ಮೇಲೆ ಇಂಜಿನ್ನಿನ ಮುಚ್ಚಳದ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಸ್ಕ್ರೂಗಳನ್ನು ಸಿಕ್ಕಿಸಿಡುವುದು ಇನ್ನೂ ಉತ್ತಮ. ಒಂದೇ ಮುಚ್ಚಳದಲ್ಲಿ ಮೂರು ಉದ್ದದ ಸ್ಕ್ರೂಗಳಿರುವುದು ಸಾಮಾನ್ಯ. ಮುರಿದದ್ದನ್ನೂ ಎಸೆಯಬೇಡಿ. ಅಂಗಡಿಯವನಿಗೆ ತೋರಿಸಲು ಅದೇ ಮಾದರಿ.

6. ತಲೆಯ ಮೇಲಿನ ಬರಹ

ಸುತ್ತು ಕೂಡಿದರೆ ಸಾಲದು, ಬಲವೂ ಕೂಡಬೇಕು. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ, ಅದು ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಾಳುವ ದರ್ಜೆಯದು. ಅದರ ಶೇಕಡಾ 80ರವರೆಗೆ ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. 4.6 ಎಂದರೆ ಅದರ ಅರ್ಧ ಬಲದ ಮೆದು ಉಕ್ಕು. ಬ್ರಿಟಿಷ್ ಬೋಲ್ಟಿನ ಮೇಲಿನ ಆರ್ ಅಕ್ಷರ ಚದರ ಇಂಚಿಗೆ 45 ಟನ್ನಿನ ದರ್ಜೆಯನ್ನು ತಿಳಿಸುತ್ತದೆ. ತಲೆಯ ಮೇಲೆ ಒಂದಕ್ಕೊಂದು ತಾಗಿದ ಮೂರು ವೃತ್ತಗಳಿದ್ದರೆ ಯೂನಿಫೈಡ್ ಸುತ್ತು. ಅಮೆರಿಕನ್ ಕ್ರಮದಲ್ಲಿ ಮೂರು ಗೆರೆಗಳಿದ್ದರೆ 5ನೆಯ ದರ್ಜೆ, ಆರು ಗೆರೆಗಳಿದ್ದರೆ 8ನೆಯ ದರ್ಜೆ. ಗುರುತೇ ಇಲ್ಲದ ಹೊಳೆಯುವ ಬೋಲ್ಟನ್ನು ಸಿಲಿಂಡರಿನ ತಲೆಗೆ ಹಾಕಬಾರದು.

ಹೊಳಪಿನ ಆಸೆಯಿಂದ ಎಲ್ಲಕ್ಕೂ ಸ್ಟೇನ್‌ಲೆಸ್ ಹಾಕಿಸುವ ಚಾಳಿ ಹೆಚ್ಚಿದೆ. ಸಾಮಾನ್ಯವಾಗಿ ಸಿಗುವ ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಎ2-70 ಎಂದಿರುತ್ತದೆ. ಅದರ ಬಲ 700, ಎಂದರೆ 8.8ಕ್ಕಿಂತ ಕಡಿಮೆ. ಮೇಲಾಗಿ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಕಚ್ಚಿಕೊಂಡು ಬಿಡಲೊಲ್ಲದು. ಅಲ್ಯುಮಿನಿಯಂ ಜೊತೆಗೆ ನೀರು ಸೇರಿದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ. ಮುಚ್ಚಳದ ಸ್ಕ್ರೂಗಳಿಗೆ, ಕಚ್ಚದಂತೆ ತಡೆಯುವ ಗ್ರೀಸು ಸವರಿ, ಬಳಸಬಹುದು. ಬಲ ಹೊರುವ ಜಾಗಕ್ಕೆ ಬೇಡ. ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಕ್ರೋಮ್ ಮಾಡಿಸಲು ಕೊಡುವುದೂ ಸಲ್ಲದು. ಆಸಿಡ್ಡಿನ ತೊಟ್ಟಿಯಲ್ಲಿ ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗುತ್ತದೆ, ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಸೈಲೆನ್ಸರ್ ಕೊಳವೆಯ ಬುಡದ ನಟ್ಟು ಹಿತ್ತಾಳೆಯದಾದರೆ ಬಿಸಿಗೆ ಕಚ್ಚಿಕೊಳ್ಳದು.

7. ಎಲ್ಲಿ ಕೊಳ್ಳಬೇಕು, ಹೇಗೆ ಕೇಳಬೇಕು

ಮುಂಬಯಿಯಲ್ಲಿ ಬೋಲ್ಟು, ಪಾನಾ, ಬೇರಿಂಗುಗಳಿಗೆ ನಾಗದೇವಿ ಬೀದಿ ಹೆಸರಾದದ್ದು. ಹಳೆಯ ಸಾಮಾನಿಗೆ ಚೋರ್ ಬಾಜಾರು ಮತ್ತು ಕುರ್ಲಾದ ಗುಜರಿ. ಪುಣೆಯವರಿಗೆ ಜೂನಾ ಬಾಜಾರು. ಚೆನ್ನೈಯಲ್ಲಿ ಹೊಸ ಬಿಡಿಭಾಗಕ್ಕೆ ಜನರಲ್ ಪ್ಯಾಟರ್ಸ್ ರಸ್ತೆ, ಗುಜರಿಗೆ ಪುದುಪೇಟೆ. ಹೈದರಾಬಾದು-ಸಿಕಂದರಾಬಾದಿನವರಿಗೆ ರಾಣಿಗಂಜು. ದಿಲ್ಲಿಯಲ್ಲಿ ಬುಲೆಟ್ಟಿನವರಿಗೆ ಕರೋಲ್ ಬಾಗು, ಸಾಮಾನ್ಯ ಬಿಡಿಭಾಗಕ್ಕೆ ಕಾಶ್ಮೀರಿ ಗೇಟು, ಗುಜರಿಗೆ ಮಾಯಾಪುರಿ. ರಜೆಗೆ ಊರಿಗೆ ಹೋಗುವವರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು.

ಭಾಷೆ ಬಾರದೆ ಬರಿಗೈಯಲ್ಲಿ ಹಿಂದಿರುಗುವವರು ನಮ್ಮಲ್ಲಿ ಬಹಳ. ನಾಲ್ಕು ಮಾತು ತಿಳಿದಿರಲಿ. ನಮ್ಮ ಸುತ್ತಿಗೆ ಹಿಂದಿಯವರು ಚೂಡಿ ಎನ್ನುತ್ತಾರೆ, ಮರಾಠಿಯವರು ಆಟೆ, ತಮಿಳರು ಮರೈ, ತೆಲುಗರು ಮರ. ಅಳತೆಯಲ್ಲಿ ಒಂದು ಸೂತ್ ಎಂದರೆ ಇಂಚಿನ ಎಂಟನೆಯ ಒಂದು ಪಾಲು; ಇದನ್ನೇ ತಮಿಳರು ನೂಲ್ ಎನ್ನುತ್ತಾರೆ. ಹಾಗಾಗಿ ದೋ ಸೂತ್ ಎಂದರೆ ಕಾಲಿಂಚು, ಢಾಯಿ ಸೂತ್ ಎಂದರೆ 5/16, ತೀನ್ ಸೂತ್ ಎಂದರೆ 3/8, ಚಾರ್ ಸೂತ್ ಎಂದರೆ ಅರ್ಧ ಇಂಚು. "ಢಾಯಿ ಸೂತ್, ಬಿ.ಎಸ್.ಎಫ್., ಬಾರೀಕ್ ಚೂಡಿ, ಡೇಢ್ ಇಂಚ್ ಲಂಬಾ" ಎಂದು ಕೇಳಿದರೆ ಅಂಗಡಿಯವನು ತಲೆಯೆತ್ತಿ ನೋಡುತ್ತಾನೆ. "ಬುಲೆಟ್ ಕಾ ಬೋಲ್ಟ್" ಎಂದರೆ ಡಬ್ಬಿಯಲ್ಲಿ ಮೊದಲು ಸಿಕ್ಕಿದ್ದನ್ನು ಕೊಡುತ್ತಾನೆ.

ಮಾದರಿ ಬೋಲ್ಟು, ನಟ್ಟಿನ ಸರ, ಕೋಷ್ಟಕದ ಚೀಟಿ ಈ ಮೂರನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲಿಯೇ ಬೆರಳಿನಿಂದ ತಿರುಗಿಸಿ ನೋಡಿ ಕೊಳ್ಳಿ. ಸಾಧ್ಯವಾದರೆ ಜನಸಂದಣಿಯಿಲ್ಲದ ಬೆಳಗಿನ ಹೊತ್ತು ಹೋಗಿ. ಒಂದು ಬೇಕಾದಲ್ಲಿ ನಾಲ್ಕು ಕೊಂಡಿಡಿ. ಇಂಚಿನ ಸುತ್ತಿನ ದಾಸ್ತಾನು ಕಡಿಮೆಯಾಗುತ್ತಿದೆಯೇ ಹೊರತು ಹೆಚ್ಚುತ್ತಿಲ್ಲ.

ಗುಜರಿಯ ಬಗ್ಗೆ ಒಂದು ಎಚ್ಚರಿಕೆ. 1982ರ ಮುಷ್ಕರದ ಅನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಹಳೆಯ ಮಗ್ಗಗಳು ಗುಜರಿಗೆ ಹೋದವು. ಮಗ್ಗದ ವಿಟ್‌ವರ್ತ್ ಬೋಲ್ಟು ಎಲ್ಲಿಯಾದರೂ ಕಂಡರೆ ಮನಸ್ಸು ಕರಗುವುದು ಸಹಜ. ಆದರೆ ಅದು ಮೆದು ಉಕ್ಕಿನದು. ಮಡ್‌ಗಾರ್ಡಿನ ಕಡ್ಡಿಗೆ, ಉಪಕರಣದ ಪೆಟ್ಟಿಗೆಗೆ ಸಾಕು. ಇಂಜಿನ್ನಿನೊಳಗೆ ಅದಕ್ಕೆ ಕೆಲಸವಿಲ್ಲ.

ಎಲ್ಲಿಯೂ ಸಿಗದ್ದನ್ನು ಲೇತಿನವನಿಂದ ಮಾಡಿಸಬೇಕು. ಬಾಯಿಮಾತಿನಲ್ಲಿ ಹೇಳದೆ, ಕಾಗದದ ಮೇಲೆ ಚಿತ್ರ ಬರೆದು ದಪ್ಪ, ಏಣಿನ ಸಂಖ್ಯೆ, ಕೋನ, ಸುತ್ತಿನ ಉದ್ದ, ತಲೆಯ ಅಗಲ ಐದನ್ನೂ ನಮೂದಿಸಿ. ಉಕ್ಕು ಯಾವುದೆಂದು ಸ್ಪಷ್ಟವಾಗಿ ಹೇಳಿ. ಸಾಧಾರಣ ಕೆಲಸಕ್ಕೆ ಇಎನ್8, ಹೆಚ್ಚು ಬಲ ಬೇಕಾದಲ್ಲಿ ಹದ ಮಾಡಿದ ಇಎನ್24 ಎಂದರೆ ಅವರಿಗೆ ಗೊತ್ತಾಗುತ್ತದೆ. ಜೋಡಿ ನಟ್ಟನ್ನೂ ಕೊಟ್ಟು, ಅದು ಬೆರಳಿಗೆ ಹೋಗುವಂತಾದ ಮೇಲೆಯೇ ಹಣ ಕೊಡುವುದು ಲೇಸು.

8. ಮತ್ತೆ ಬಳಸಬಾರದ ಸಾಮಾನು

ಉಳಿತಾಯಕ್ಕೂ ಒಂದು ಮಿತಿಯುಂಟು. ಪಿಸ್ಟನ್ ಪಿನ್ನನ್ನು ಹಿಡಿದಿರುವ ಸರ್ಕ್ಲಿಪ್ಪು, ನಟ್ಟು ಕಳಚದಂತೆ ಮಡಿಸುವ ತಗಡಿನ ವಾಷರು, ಸೀಳು ಪಿನ್ನು, ಆಯಿಲ್ ಸೀಲು ಇವನ್ನು ಒಮ್ಮೆ ತೆಗೆದರೆ ಹೊಸದೇ ಹಾಕಬೇಕು. ಕಾಸಿನ ಸರ್ಕ್ಲಿಪ್ಪು ಹಾರಿದರೆ ಸಿಲಿಂಡರಿನ ಗೋಡೆಯನ್ನೇ ಗೀರುತ್ತದೆ. ತಾಮ್ರದ ವಾಷರನ್ನು ಮಾತ್ರ ಮತ್ತೆ ಬಳಸಬಹುದು. ಅದನ್ನು ಕೆಂಪೇರುವಂತೆ ಕಾಯಿಸಿ ನೀರಿಗೆ ಹಾಕಿದರೆ ಉಕ್ಕಿನ ಹಾಗೆ ಗಟ್ಟಿಯಾಗದೆ ಮೆತ್ತಗಾಗುತ್ತದೆ.

ಬೇರಿಂಗಿಗೆ ಗಾಡಿಯ ಹೆಸರು ಹೇಳಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಅದರ ಮೈಮೇಲಿನ ನಂಬರು ಲೋಕಕ್ಕೆಲ್ಲ ಒಂದೇ. 6204 ಎಂದರೆ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿಲಿಮೀಟರು. ಯಾವ ಒಳ್ಳೆಯ ಕಂಪೆನಿಯದಾದರೂ ಕೂರುತ್ತದೆ. ಹಳೆಯದರ ಮೇಲೆ ಸಿ3 ಎಂದಿದ್ದರೆ ಹೊಸದೂ ಸಿ3 ಆಗಿರಬೇಕು. ಬಿಸಿಯಲ್ಲಿ ಹಿಗ್ಗಲು ಒಳಗೆ ಹೆಚ್ಚು ಸಡಿಲ ಬಿಟ್ಟಿರುವ ಗುರುತು ಅದು. ಆಯಿಲ್ ಸೀಲಿನ ಮೇಲೂ ಒಳವ್ಯಾಸ, ಹೊರವ್ಯಾಸ, ಅಗಲ ಮೂರನ್ನೂ ಅಚ್ಚೊತ್ತಿರುತ್ತಾರೆ. ಹೆಸರಿನ ಡಬ್ಬಿಗಳಲ್ಲಿ ನಕಲಿ ಮಾಲು ಬರುವುದುಂಟು. ರಸೀತಿ ಕೊಡುವ ಅಂಗಡಿಯಲ್ಲೇ ಕೊಳ್ಳಿ.

9. "ಎಲ್ಲಾ ಮೆಟ್ರಿಕ್ ಮಾಡಿಬಿಡೋಣ" ಎಂಬ ಸಲಹೆ

ಇಂಚಿನ ಬೋಲ್ಟು ಸಿಗುವುದಿಲ್ಲವೆಂದು ಹೇಳಿ, ಎಲ್ಲ ತೂತುಗಳನ್ನೂ ಹಿಗ್ಗಿಸಿ ಮೆಟ್ರಿಕ್ ಸುತ್ತು ಹಾಕಿಬಿಡೋಣವೆನ್ನುವ ಮಿಸ್ತ್ರಿಗಳಿದ್ದಾರೆ. ಅವರಿಗೆ ಒಂದು ದಿನದ ಕೆಲಸ ಮುಗಿಯುತ್ತದೆ. ಗಾಡಿಯವನಿಗೆ ಶಾಶ್ವತ ನಷ್ಟ. ತೂತಿನ ಸುತ್ತಣ ಲೋಹ ತೆಳುವಾಗುತ್ತದೆ, ಮತ್ತೊಮ್ಮೆ ಕೆಟ್ಟರೆ ಕೊರೆಯಲು ಜಾಗವಿರದು. ಸುತ್ತು ನಿಜವಾಗಿಯೂ ಹೋಗಿದ್ದರೆ ಉಕ್ಕಿನ ತಂತಿಯ ಸುರುಳಿ ಹಾಕಿಸಿ, ಮೊದಲಿನ ಅಳತೆಯನ್ನೇ ಉಳಿಸಿಕೊಳ್ಳಬಹುದು. ಹೆಲಿಕಾಯಿಲ್ ಎಂದು ಕೇಳಿದರೆ ಇದನ್ನು ತೋರಿಸುತ್ತಾರೆ. ಇಂಚಿನ ಸುತ್ತುಗಳಿಗೂ ಇದು ದೊರೆಯುತ್ತದೆ. ಅಲ್ಯುಮಿನಿಯಂನಲ್ಲಿ ಈ ಸುರುಳಿಯ ಹಿಡಿತ ಮೂಲಸುತ್ತಿಗಿಂತ ಗಟ್ಟಿ.

ಇದರಲ್ಲಿ ಕಾನೂನಿನ ಮಾತೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿಯ ನಿಯಮ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಮುಂದೆ ನವೀಕರಣಕ್ಕೆ 5,000 ರೂಪಾಯಿ. ಅವಧಿ 10 ವರ್ಷ. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟಾಗಿರಬಾರದು ಎಂಬುದು ಅದರ ಷರತ್ತು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕೆಲಸಕ್ಕೆ ಹೋಗಿಬರಲು ಗಾಡಿ ಬೇಕೆನ್ನುವವರು ಸಾಮಾನ್ಯ ನೋಂದಣಿಯ ನವೀಕರಣವನ್ನೇ ವಿಚಾರಿಸಬೇಕು.

ನಂಬರು ಕೊರೆದ ಕ್ರ್ಯಾಂಕ್‌ಕೇಸನ್ನು ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕಾಗದಪತ್ರವಿಲ್ಲದೆ ಕೊಳ್ಳಬೇಡಿ. ಕದ್ದ ಮಾಲೆಂದು ತಿಳಿದು ಕೊಳ್ಳುವುದು ಅಪರಾಧ. ತಿಳಿಯದೆ ಕೊಂಡವನೂ ಠಾಣೆಗೆ ಅಲೆಯಬೇಕಾದೀತು. ಪರಊರಿನಲ್ಲಿ ಸಂಬಳ ನಂಬಿಕೊಂಡು ಬಾಳುವ ನಮಗೆ ಒಂದು ದಿನದ ರಜೆಯೂ ದುಬಾರಿ.

ಕೊನೆಗೆ ಹೇಳತಕ್ಕದ್ದಿಷ್ಟೆ. ತಿಂಗಳಿಗೆ ಇಂತಿಷ್ಟೆಂದು ಹಣ ಗೊತ್ತು ಮಾಡಿ, ಒಂದು ನೋಟು ಪುಸ್ತಕದಲ್ಲಿ ಇಂಜಿನ್ನಿನ ಪ್ರತಿಯೊಂದು ಬೋಲ್ಟಿಗೂ ಒಂದು ಸಾಲು ಬರೆಯಿರಿ: ಜಾಗ, ದಪ್ಪ, ಏಣು, ಉದ್ದ, ದರ್ಜೆ, ಸಿಕ್ಕಿತೇ ಇಲ್ಲವೇ. ನಮ್ಮ ಗುಮಾಸ್ತ ಬಂಧುಗಳಿಗೆ ಇದು ಹೊಸ ವಿದ್ಯೆಯಲ್ಲ. ಖಾಲಿ ಸಾಲುಗಳನ್ನು ಮಾತ್ರ ಚೀಟಿಗೆ ಇಳಿಸಿಕೊಂಡು ಪೇಟೆಗೆ ಹೋದರೆ, ಬೇಡದ್ದು ಮನೆಗೆ ಬರದು, ಬೇಕಾದದ್ದು ಮರೆಯದು. ಮೇಲಿನ ಕೋಷ್ಟಕದ ದೊಡ್ಡ ಪ್ರತಿಯೊಂದನ್ನೂ ಎರಡು ಬಗೆಯ ಪಿಚ್ ಗೇಜುಗಳನ್ನೂ ವಾಚನಾಲಯದ ಕಪಾಟಿನಲ್ಲಿ ಇರಿಸಿದೆ. ರವಿವಾರ ಬೆಳಿಗ್ಗೆ ಬೋಲ್ಟನ್ನು ಸೀಮೆಯೆಣ್ಣೆಯಲ್ಲಿ ತೊಳೆದು ತಂದವರು ಅಲ್ಲಿಯೇ ಅಳೆದು ನೋಡಬಹುದು. ಗೇಜನ್ನು ಮನೆಗೆ ಕೊಡುವ ಪದ್ಧತಿಯಿಲ್ಲ.